ಮ್ಯಾಟು ಯಾರದು?

ಕಬಡ್ಡಿಗೆ ಮಣ್ಣು ಮೇಲೋ ಮ್ಯಾಟು ಮೇಲೋ ಎಂಬ ಜಗಳವನ್ನು ಈ ವಾರ ಇತ್ಯರ್ಥ ಮಾಡುತ್ತೇನೆಂದು ಹೇಳಿದ್ದೆ. ಬರೆಯಲು ಕೂತಾಗ ಅದಕ್ಕಿಂತ ದೊಡ್ಡ ಪ್ರಶ್ನೆ ಎದುರಾಯಿತು: ಊರಿಗೆ ಮ್ಯಾಟು ಬಂದರೆ ಅದು ಯಾರದು?

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಎಲ್ಲ ಹುಡುಗರಿಗೂ ಮ್ಯಾಟಿನ ಕನಸು. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ; ಮೀಟರ್ ಚೌಕದ ತುಂಡು ಜೋಡಿಸಿದರೆ ಗೆರೆಯೊಳಗೇ 130 ಬೇಕು. ಮದ್ದೂರು, ಮಳವಳ್ಳಿ ಸೀಮೆಯ ತಂಡವೊಂದು ದಾನಿಗಳ ಮನೆಬಾಗಿಲು ತಿರುಗಿ ಇಷ್ಟನ್ನೂ ಕೊಂಡಿತು ಅನ್ನಿ. ಬಿಲ್ಲು ಅಧ್ಯಕ್ಷರ ಹೆಸರಲ್ಲಿ, ದುಡ್ಡು ಖಜಾಂಚಿಯ ಸ್ವಂತ ಖಾತೆಯಲ್ಲಿ, ಮ್ಯಾಟು ಇನ್ನೊಬ್ಬರ ಮನೆಯಲ್ಲಿ. ಪಂಚಾಯಿತಿ ಚುನಾವಣೆಗೆ ಊರು ಎರಡು ಪಾರ್ಟಿಯಾದರೆ ಮುಗಿಯಿತು, ಹುಡುಗರ ಕೈಗೆ ಏನೂ ಸಿಗದು.

ಅದಕ್ಕೇ ನನ್ನ ಹಳೇ ಪಲ್ಲವಿ: ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960 ನಾನು ಮತ್ತೆ ಮತ್ತೆ ತೆರೆಯುವ ಪುಸ್ತಕ. ಹದಿನೆಂಟು ದಾಟಿದ ಕನಿಷ್ಠ ಏಳು ಮಂದಿ ಸಹಿ ಹಾಕಬೇಕೆನ್ನುತ್ತದೆ; ಅಂಗಳಕ್ಕಿಳಿಯುವ ತಂಡಕ್ಕೂ ಬೇಕಾದವರು ಏಳೇ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕಡ್ಡಾಯ. ಸಭೆಯಾಗಿ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಬೇಕು. ಸಂಘ ಮುಚ್ಚಿಹೋದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಮ್ಯಾಟಿನ ಜಗಳಕ್ಕೆ ಈ ಒಂದು ಮಾತೇ ತೀರ್ಪು.

'ಟ್ರಸ್ಟ್ ಮಾಡಿಬಿಡಿ, ಚುನಾವಣೆಯ ತಲೆನೋವಿಲ್ಲ' ಎಂದು ಸಲಹೆ ಕೊಡುವವರಿದ್ದಾರೆ. ಅವರೊಡನೆ ನನ್ನ ತಕರಾರು ಇಂದಿನದಲ್ಲ. ಟ್ರಸ್ಟಿನಲ್ಲಿ ಮಾತು ನಡೆಯುವುದು ಟ್ರಸ್ಟಿಗಳದು. ಮಂಡಿ ತರಚಿಕೊಂಡು ಆಡುವ ಹುಡುಗನಿಗೆ, ಹುಡುಗಿಗೆ ಅಲ್ಲಿ ವೋಟಿಲ್ಲ. ಯಾವುದನ್ನು ತಲೆನೋವು ಅನ್ನುತ್ತಾರೋ ಆ ಚುನಾವಣೆಯೇ ಸಂಘದ ಜೀವ. ಕಂಪನಿ ಕಾಯ್ದೆಯಡಿ ಲಾಭರಹಿತ ಕಂಪನಿ ತೆರೆಯಿರಿ ಎನ್ನುವವರೂ ಉಂಟು. ಹಳ್ಳಿಯ ತಂಡಕ್ಕೆ ಅದು ಹೊರಲಾರದ ಹೊರೆ.

ಸಂಘ ಕಟ್ಟಲು ಹೊರಟವರು ಎಡವುವುದು ಬೈಲಾದಲ್ಲಿ. ಬೇರೆ ಯಾವುದೋ ಸಂಘದ ಬೈಲಾ ಜೆರಾಕ್ಸ್ ಮಾಡಿಸಿ ಹೆಸರಷ್ಟೇ ತಿದ್ದಿದರೆ ಅದರಲ್ಲಿ ಆಟದ ಸುದ್ದಿಯೇ ಇರುವುದಿಲ್ಲ. ನಿಮ್ಮದರಲ್ಲಿ ಇಷ್ಟಾದರೂ ಇರಲಿ: ಹದಿನೆಂಟು ತುಂಬಿದ ಆಟಗಾರರೆಲ್ಲ ಮತದಾನದ ಹಕ್ಕುಳ್ಳ ಸದಸ್ಯರು. ಚೆಕ್ಕಿಗೆ ಇಬ್ಬರ ಸಹಿ. ಮ್ಯಾಟು, ಜೆರ್ಸಿ, ಟ್ರೋಫಿ, ದೀಪದ ಕಂಬ ಎಲ್ಲವೂ ದಾಸ್ತಾನು ಪುಸ್ತಕದಲ್ಲಿ. ಯಾರ ವಶದಲ್ಲಿದೆಯೋ ಅವರ ರುಜುವಿನೊಂದಿಗೆ. ಹೆಣ್ಣುಮಕ್ಕಳ ತಂಡಕ್ಕೆ ಮಂಡಳಿಯಲ್ಲಿ ಸ್ಥಾನ, ಅಭ್ಯಾಸಕ್ಕೆ ಗೊತ್ತಾದ ಹೊತ್ತು.

ಹೊನಲು ಬೆಳಕಿನ ಪಂದ್ಯಾವಳಿಗೆ ಒಂದೇ ರಾತ್ರಿಯಲ್ಲಿ ಊರೂರಿಂದ ಜನ ಸೇರಿಸಬಲ್ಲವರು ನಮ್ಮ ಹುಡುಗರು. ಏಳು ಸಹಿ ಸೇರಿಸಿ ಮಂಡ್ಯದ ಕಚೇರಿಗೆ ಹೋಗಿಬರುವುದು ಅವರಿಗೆ ಯಾವ ಲೆಕ್ಕ? ಮುಂದಿನ ಪಂದ್ಯಾವಳಿಯ ಕರಪತ್ರದಲ್ಲಿ ದಾನಿಗಳ ಫೋಟೊಗಿಂತ ಮೇಲೆ ಸಂಘದ ನೋಂದಣಿ ಸಂಖ್ಯೆ ಅಚ್ಚಾಗಲಿ. ಮಣ್ಣೋ ಮ್ಯಾಟೋ ಎಂಬುದನ್ನು ಆಮೇಲೆ ಸಂಘದ ಸಭೆಯೇ ತೀರ್ಮಾನಿಸಲಿ.