ಥಯೋಪೆಂಟಾಲಿನ ಚರಿತ್ರೆ ಮತ್ತು ಪೊಟ್ಯಾಸಿಯಮ್ಮಿನ ಪ್ರಶ್ನೆ

ಥಯೋಪೆಂಟಾಲ್ ಎಂಬ ನಿದ್ರಾಜನಕದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಸಂಗಗಳಿಂದಲೇ ತೃಪ್ತರಾಗುತ್ತಾರೆ. 1934ರಲ್ಲಿ ಅಮೆರಿಕದ ರಾಲ್ಫ್ ವಾಟರ್ಸ್ ಮತ್ತು ಜಾನ್ ಲಂಡಿ ಅದನ್ನು ಅರಿವಳಿಕೆಗಾಗಿ ಪ್ರಯೋಗಿಸಿದುದು ಒಂದು. 1941ರಲ್ಲಿ ಪರ್ಲ್ ಹಾರ್ಬರಿನ ಗಾಯಾಳುಗಳಿಗೆ ಅದರಿಂದ ಒದಗಿತೆನ್ನಲಾದ ಮರಣಗಳು ಇನ್ನೊಂದು. ಈ ಎರಡನೆಯದು ಬಹಳ ಉತ್ಪ್ರೇಕ್ಷಿತವೆಂದು 1995ರಲ್ಲಿ ಬೆನೆಟ್ಸ್ ಎಂಬ ವಿದ್ವಾಂಸರು ತೋರಿಸಿದರು. ನಮ್ಮ ಆಕ್ಷೇಪ ಬೇರೆ. ಈ ಔಷಧದ ಚರಿತ್ರೆಯಲ್ಲಿ ಇವೆರಡಕ್ಕಿಂತ ಗಹನವಾದ ಅಧ್ಯಾಯವೊಂದು ಇಂಥ ಬರಹಗಳಲ್ಲಿ ಕಾಣದೆ ಹೋಗಿದೆ.

ಶಸ್ತ್ರಚಿಕಿತ್ಸೆಯಲ್ಲಿ ಈ ಔಷಧದ ಕೆಲಸ ಕೆಲವು ನಿಮಿಷಗಳದು. 1970ರ ದಶಕದಿಂದೀಚೆಗೆ, ತಲೆಗೆ ತೀವ್ರವಾದ ಪೆಟ್ಟು ಬಿದ್ದು ಬುರುಡೆಯೊಳಗಣ ಒತ್ತಡ ಬೇರಾವ ಉಪಾಯಕ್ಕೂ ಬಗ್ಗದಿದ್ದಾಗ, ರೋಗಿಯನ್ನು ದಿನಗಟ್ಟಲೆ ಗಾಢ ನಿದ್ರೆಯಲ್ಲಿರಿಸಲು ಇದನ್ನು ಬಳಸತೊಡಗಿದರು. ಆಗ ಹೊಸದೊಂದು ತೊಡಕು ಕಂಡುಬಂದಿತು. ಸ್ವೀಡನ್ನಿನ ಶಾಲೆನ್ ಮತ್ತು ಸಂಗಡಿಗರು 1992ರಲ್ಲಿ ವರದಿ ಮಾಡಿದ 38 ರೋಗಿಗಳ ಪೈಕಿ ನೂರಕ್ಕೆ 82 ಮಂದಿಯ ರಕ್ತದಲ್ಲಿ ಪೊಟ್ಯಾಸಿಯಮ್ ಕುಗ್ಗಿತ್ತು.

ಈ ಅಂಕಿಯನ್ನು ಓದುವುದರಲ್ಲಿಯೇ ಎಡವುವ ಸಂಭವವುಂಟು. ಶರೀರದ ಪೊಟ್ಯಾಸಿಯಮ್ಮಿನಲ್ಲಿ ನೂರಕ್ಕೆ ಸುಮಾರು 98 ಭಾಗ ಜೀವಕೋಶಗಳ ಒಳಗಿದೆ. ಪರೀಕ್ಷೆಗೆ ಸಿಕ್ಕುವ ರಕ್ತದಲ್ಲಿರುವುದು ಅತ್ಯಲ್ಪ, ಲೀಟರಿಗೆ ಸಾಧಾರಣವಾಗಿ 3.5ರಿಂದ 5 ಮಿಲಿಮೋಲ್. ಥಯೋಪೆಂಟಾಲ್ ಹರಿಯುತ್ತಿರುವಾಗ ಪೊಟ್ಯಾಸಿಯಮ್ ಬಹುಮಟ್ಟಿಗೆ ಕೋಶಗಳೊಳಕ್ಕೆ ಸರಿಯುತ್ತದೆ, ಶರೀರವನ್ನು ಬಿಟ್ಟುಹೋಗುವುದಿಲ್ಲ. ಗ್ರಾಮವೊಂದರ ಲೆಕ್ಕದ ಕಡತವನ್ನು ನೋಡಿ ರಾಜ್ಯದ ಬೊಕ್ಕಸವೇ ಬರಿದಾಯಿತೆನ್ನುವ ತಪ್ಪನ್ನು ನಾವು ಇತಿಹಾಸದ ವಿದ್ಯಾರ್ಥಿಗಳೂ ಮಾಡುವುದುಂಟು! ಆದರೆ ವೈದ್ಯನು ಸುಮ್ಮನಿರಲೂ ಆಗದು. ಕೊರತೆ ಅತಿಯಾದರೆ ಹೃದಯದ ಲಯ ಕೆಡುತ್ತದೆ. ಆದುದರಿಂದ ಆತನು ಪೊಟ್ಯಾಸಿಯಮ್ಮನ್ನು ಹೊರಗಿನಿಂದ ಕೊಡುತ್ತಾನೆ. ಔಷಧವನ್ನು ನಿಲ್ಲಿಸಿದೊಡನೆ ಒಳಸೇರಿದುದು ಹೊರಬರುತ್ತದೆ, ಕೊಟ್ಟುದೂ ಅದರೊಡನೆ ಕೂಡುತ್ತದೆ. ಮೂತ್ರಪಿಂಡಗಳು ದುರ್ಬಲವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಹೀಗೆ ಏರಿದ ಪೊಟ್ಯಾಸಿಯಮ್ ಪ್ರಾಣಾಂತಿಕವಾಗಬಲ್ಲುದೆಂದು 2002ರಲ್ಲಿ ‘ಇಂಟೆನ್ಸಿವ್ ಕೇರ್ ಮೆಡಿಸಿನ್’ ಪತ್ರಿಕೆಯ ವರದಿಯೊಂದು ಎಚ್ಚರಿಸಿತು.

ಚರಿತ್ರಕಾರರು ಔಷಧದ ಪ್ರವೇಶವನ್ನು ವರ್ಣಿಸುತ್ತಾರೆ. ಇಲ್ಲಿ ಗಂಡಾಂತರವಿರುವುದು ಅದರ ನಿರ್ಗಮನದಲ್ಲಿ. ಔಷಧ ನಿಂತ ಕೆಲವು ಗಂಟೆಗಳಲ್ಲಿ ರೋಗಿಯ ಹೃದಯವೂ ನಿಂತಿದ್ದರೆ ಆ ಮರಣವನ್ನು ಯಾವ ಕಾರಣದ ಕೆಳಗೆ ದಾಖಲಿಸಿದರು? ತಲೆಯ ಪೆಟ್ಟೆಂದೇ ಬರೆದಿದ್ದರೆ ಅದು ಥಯೋಪೆಂಟಾಲಿನ ಲೆಕ್ಕಕ್ಕೆ ಬಂದೇ ಇರುವುದಿಲ್ಲ. ಹಳೆಯ ಚಿಕಿತ್ಸಾ ಕಡತಗಳನ್ನು ಮುಂದೆ ಪರಿಶೀಲಿಸುವವರು ಮರಣಕಾರಣದ ಅಂಕಣವನ್ನು ನಂಬಿ ಕೂರದೆ, ಔಷಧ ನಿಲ್ಲಿಸಿದ ಗಳಿಗೆಯನ್ನೂ ಅಂದಿನ ರಕ್ತಪರೀಕ್ಷೆಯ ಅಂಕಿಗಳನ್ನೂ ಒಟ್ಟಿಗೆ ಓದಬೇಕೆಂದು ಕೋರುತ್ತೇವೆ.