ಕಥೆ ಮುಗಿದ ಮೇಲಿನ ಮೌನ

ಮನೆಗೆ ಬಂದ ಯಂತ್ರಗಳ ಕುರಿತು ಒಂದಲ್ಲ ಒಂದು ಅಭಿಪ್ರಾಯವಿಲ್ಲದ ಸಂಸಾರವಿಲ್ಲ. ಟಿ.ವಿ. ಬಂದು ಮನೆಯ ಮಾತುಕತೆ ನಿಂತಿತೆಂದು ಹಿರಿಯರು ಹೇಳುತ್ತಾರೆ. ಮೊಬೈಲು ಬಂದು ಮಕ್ಕಳ ಓದು ಕೆಟ್ಟಿತೆಂದು ತಾಯಂದಿರು ಹೇಳುತ್ತಾರೆ. ಹಿಂದಿನ ಧಾರಾವಾಹಿಗಳ ಸೊಗಸು ಈಗಿನವಕ್ಕಿಲ್ಲವೆಂದು ನಡುವಯಸ್ಸಿನವರು ನಿಟ್ಟುಸಿರಿಡುತ್ತಾರೆ. ಊಟದ ಹೊತ್ತಿನಲ್ಲಿ, ಮದುವೆಮನೆಯ ಜಗಲಿಯಲ್ಲಿ ಹಗುರವಾಗಿ ಆಡುವ ಈ ಮಾತುಗಳಿಗೆ ಯಾರೂ ಆಧಾರ ಕೇಳುವುದಿಲ್ಲ. ಆದರೆ ಮನೆಗಳು ನಡೆಯುವುದು ಇಂಥ ಹಗುರ ಅಭಿಪ್ರಾಯಗಳ ಮೇಲೆಯೇ ಆದುದರಿಂದ ಅವುಗಳನ್ನು ಒಮ್ಮೆ ಒರೆಗೆ ಹಚ್ಚುವುದು ಅಗತ್ಯ. ಹಚ್ಚಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಈ ಅಭಿಪ್ರಾಯಗಳೆಲ್ಲ ಯಂತ್ರವನ್ನು ತೂಗುತ್ತವೆ, ಇಲ್ಲವೆ ಅದು ತೋರಿಸುವ ವಸ್ತುವನ್ನು ತೂಗುತ್ತವೆ. ನೋಟವು ಹೇಗೆ ಮುಗಿಯುತ್ತದೆ, ಅದನ್ನು ಮುಗಿಸುವವರು ಯಾರು ಎಂಬ ಪ್ರಶ್ನೆಯನ್ನು ಅವು ಕೇಳುವುದೇ ಇಲ್ಲ. ಮನೆಯ ಮನರಂಜನೆಯಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಆಗಿರುವ ನಿಜವಾದ ಬದಲಾವಣೆ ಅಡಗಿರುವುದು ಆ ಪ್ರಶ್ನೆಯಲ್ಲಿಯೇ.

ಕಥನಕ್ಕೆ ಮುಕ್ತಾಯವು ಎಷ್ಟು ಮುಖ್ಯವೆಂಬುದನ್ನು ಕನ್ನಡ ನಾಡಿನ ಸಂಪ್ರದಾಯ ಚೆನ್ನಾಗಿ ಅರಿತಿತ್ತು. ಹರಿಕಥೆಗೆ ಮಂಗಳಾರತಿಯುಂಟು; ರಾತ್ರಿಯಿಡೀ ನಡೆದ ಯಕ್ಷಗಾನಕ್ಕೆ ಬೆಳಗಿನ ಮಂಗಳವುಂಟು; ಕಾವ್ಯ, ಪುರಾಣಗಳ ವಾಚನಕ್ಕೆ ಫಲಶ್ರುತಿಯುಂಟು. ಇವು ಕೇವಲ ಆಚಾರದ ಅಲಂಕಾರಗಳಲ್ಲ. ಕಥೆಯ ಲೋಕದಿಂದ ಮನೆಯ ಲೋಕಕ್ಕೆ ಮರಳಲು ಕೇಳುಗನಿಗೆ ಹಾಕಿಕೊಟ್ಟ ಮೆಟ್ಟಿಲುಗಳವು. ಮಂಗಳದ ನಂತರ ದಾರಿಯುದ್ದಕ್ಕೂ ನಡೆಯುತ್ತಿದ್ದ ಚರ್ಚೆಯಲ್ಲಿ ಕರ್ಣನ ದಾನದ ಸರಿತಪ್ಪುಗಳು ಮತ್ತೊಮ್ಮೆ ವಿಚಾರಣೆಗೆ ಬರುತ್ತಿದ್ದವು. ಕಥೆಯ ಅರ್ಧಭಾಗ ನಡೆಯುತ್ತಿದ್ದುದು ಕಥೆ ಮುಗಿದ ಮೇಲೆಯೇ.

ದೂರದರ್ಶನದ ಮೊದಲ ಕಾಲದ ಧಾರಾವಾಹಿಗಳು ತಿಳಿದೋ ತಿಳಿಯದೆಯೋ ಈ ಸಂಪ್ರದಾಯವನ್ನು ಮುಂದುವರಿಸಿದವು. 1980ರ ದಶಕದ ಉತ್ತರಾರ್ಧದಲ್ಲಿ ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಬಹುಪಾಲು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಇದಕ್ಕೆ ಉತ್ತಮ ನಿದರ್ಶನ. ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ನಡುವೆ ಅರ್ಧ ಗಂಟೆಯೊಳಗಿನ ಒಂದು ಕಥೆ, ಅಷ್ಟೆ. ನಾರಾಯಣ್ ಅವರ ಕಥೆಗಳು ನೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಕೊನೆಯಲ್ಲಿ ರಾಜಂ ರೈಲಿನಲ್ಲಿ ಊರುಬಿಟ್ಟು ಹೋಗುತ್ತಾನೆ. ಮುನಿಸಿಕೊಂಡ ಗೆಳೆಯನಿಗೆ ಸ್ವಾಮಿ ಒಂದು ಪುಸ್ತಕವನ್ನು ಕೊಟ್ಟು ಕಳುಹಿಸುತ್ತಾನೆ. ಆ ಗೆಳೆಯ ಕ್ಷಮಿಸಿದನೇ ಇಲ್ಲವೇ ಎಂಬುದು ಸ್ವಾಮಿಗೂ ಖಚಿತವಿಲ್ಲ, ಓದುಗನಿಗೂ ಖಚಿತವಿಲ್ಲ. ಇಂಥ ಕಥೆಯನ್ನು ಪೂರ್ಣಗೊಳಿಸಬೇಕಾದವನು ನೋಡುಗ. ಅದಕ್ಕೆ ಅವನಿಗೆ ಬೇಕಾದುದು ಸ್ವಲ್ಪ ಮೌನ. ಮುಂದಿನ ಕಥೆಗೆ ಒಂದು ವಾರ ಕಾಯಬೇಕಾಗಿದ್ದ ಕಾಲದಲ್ಲಿ ಆ ಮೌನ ಧಾರಾಳವಾಗಿ ದೊರೆಯುತ್ತಿತ್ತು.

ಹಾಗೆಂದು ಆ ಕಾಲವನ್ನು ಸಂಯಮದ ಸುವರ್ಣಯುಗವೆಂದು ಕೊಂಡಾಡುವುದು ತಪ್ಪಾದೀತು. 1959ರಲ್ಲಿ ದೆಹಲಿಯಲ್ಲಿ ಆರಂಭವಾದ ದೂರದರ್ಶನಕ್ಕೆ 1982ರಲ್ಲಿ ಬಣ್ಣ ಬಂದ ಮೇಲೂ ಬಹುತೇಕ ಊರುಗಳಿಗೆ ದೊರೆಯುತ್ತಿದ್ದುದು ಒಂದೇ ವಾಹಿನಿ. ಯಾವುದನ್ನು, ಯಾವಾಗ, ಎಷ್ಟು ತೋರಿಸಬೇಕೆಂದು ನಿರ್ಧರಿಸುತ್ತಿದ್ದುದು ಸರ್ಕಾರ. ಟಿ.ವಿ. ಇಲ್ಲದವರು ಇದ್ದವರ ಮನೆಯ ಕಿಟಕಿಯಲ್ಲಿ ನಿಂತು ನೋಡಬೇಕಿತ್ತು. ಅಂದಿನ ಜನ ಕಡಿಮೆ ನೋಡಿದರೆಂದರೆ ಅದಕ್ಕೆ ಕಾರಣ ಹೆಚ್ಚು ನೋಡಲು ಇರಲಿಲ್ಲವೆಂಬುದು. ಊಟವೇ ಸಿಗದವನು ಹಸಿದಿದ್ದರೆ ಅದನ್ನು ಉಪವಾಸವೆಂದು ಕರೆಯುವಂತಿಲ್ಲ. 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂಬ ಹಿರಿಯರ ಮಾತು ಸೋಲುವುದು ಇಲ್ಲಿಯೇ. ಹೊರಗಿನಿಂದ ಬಂದ ಮಿತಿಯನ್ನು ಒಳಗಿನ ಗುಣವೆಂದು ಎಣಿಸಿದವರಿಗೆ ಆ ಮಿತಿ ಕಳಚಿದ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆ ಮಿತಿ ಕಳಚಿದ್ದು ಒಂದೇ ದಿನದಲ್ಲಲ್ಲ. 1990ರ ದಶಕದಲ್ಲಿ ಕೇಬಲ್ ಬಂದಿತು, 1994ರಲ್ಲಿ ಉದಯ ಟಿ.ವಿ. ಬಂದಿತು, ವಾರದ ಕಥೆ ಕ್ರಮೇಣ ದಿನದ ಕಥೆಯಾಯಿತು. ವಾಹಿನಿಗಳು ಹೆಚ್ಚಿದಂತೆ ರಿಮೋಟ್ ಮನೆಯ ಅಧಿಕಾರದಂಡವಾಯಿತು. ಆ ಸಾಧನದ ಪೂರ್ವಕಥೆ ಮನನೀಯವಾಗಿದೆ. 1955ರಲ್ಲಿ ಅಮೆರಿಕದ ಜೆನಿತ್ ಸಂಸ್ಥೆಗಾಗಿ ಯೂಜೀನ್ ಪಾಲಿ ಎಂಬ ಎಂಜಿನಿಯರ್ ತಂತಿಯಿಲ್ಲದ ಮೊದಲ ರಿಮೋಟನ್ನು ರೂಪಿಸಿದರು. ಪಿಸ್ತೂಲಿನ ಆಕಾರದ ಆ ಸಾಧನದಿಂದ ಟಿ.ವಿ.ಯ ನಾಲ್ಕು ಮೂಲೆಗಳಿಗೆ ಬೆಳಕು ಬಿಡಬೇಕಿತ್ತು. ಅದರ ಮುಖ್ಯ ಆಕರ್ಷಣೆಗಳಲ್ಲಿ ಒಂದು, ಬೇಸರ ತರಿಸುವ ಜಾಹೀರಾತುಗಳ ಸದ್ದನ್ನು ಕುಳಿತಲ್ಲಿಯೇ ಅಡಗಿಸಬಹುದೆಂಬುದು. ಅಂದರೆ ರಿಮೋಟ್ ಮನೆಯವರ ಕೈಗೆ ಬಂದದ್ದು ಬೇಡವಾದುದನ್ನು ನಿಲ್ಲಿಸುವ ಅಧಿಕಾರವಾಗಿ. ಅದೇ ಸಾಧನ ಮುಂದೆ ವಾಹಿನಿಯಿಂದ ವಾಹಿನಿಗೆ ನಿಲ್ಲದೆ ಜಿಗಿಯುವ ಚಟಕ್ಕೆ ವಾಹನವಾದದ್ದು ವಿಪರ್ಯಾಸ. ಆದರೂ ಪ್ರತಿ ಜಿಗಿತಕ್ಕೂ ಬೆರಳು ಒತ್ತಲೇಬೇಕಿತ್ತು. ನೋಡುವವನ ಇಚ್ಛೆ, ದುರ್ಬಲವಾಗಿಯಾದರೂ, ಕೆಲಸದಲ್ಲಿತ್ತು.

ಆ ಬೆರಳಿಗೂ ವಿಶ್ರಾಂತಿ ದೊರೆತದ್ದು ಇತ್ತೀಚೆಗೆ. 2006ರಲ್ಲಿ ಅಝಾ ರಾಸ್ಕಿನ್ ಎಂಬ ವಿನ್ಯಾಸಕ ಕೊನೆಯೇ ಇಲ್ಲದೆ ಸರಿಯುತ್ತ ಹೋಗುವ ಪುಟವನ್ನು ರೂಪಿಸಿದರು. ಅದು ಜನರ ಸಮಯವನ್ನು ನುಂಗಿದ ಬಗೆಯನ್ನು ಕಂಡು ಮುಂದೆ ಅವರೇ ಬಹಿರಂಗವಾಗಿ ವಿಷಾದಿಸಿದರು. 2012ರಲ್ಲಿ ನೆಟ್‌ಫ್ಲಿಕ್ಸ್ ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನಾಗಿ ಆರಂಭವಾಗುವ ಏರ್ಪಾಡನ್ನು ತಂದಿತು. 2016ರಲ್ಲಿ ಆ ಸೇವೆ ಭಾರತಕ್ಕೂ ಬಂದಿತು. 2017ರಲ್ಲಿ ಅದರ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ತಮ್ಮ ಸಂಸ್ಥೆಯ ಪ್ರತಿಸ್ಪರ್ಧಿ ಮನುಷ್ಯನ ನಿದ್ರೆಯೆಂಬ ಅರ್ಥದ ಮಾತನ್ನು ಆಡಿದರು. ಆ ಮಾತಿನ ಪ್ರಾಮಾಣಿಕತೆಯನ್ನು ಮೆಚ್ಚಬಹುದು. ಅದರ ಅರ್ಥವನ್ನು ಮರೆಯಬಾರದು.

ಇಲ್ಲಿ ನಡೆದಿರುವ ಪಲ್ಲಟ ಸೂಕ್ಷ್ಮವಾದುದು. ಮೊದಲು ನೋಡಲು ಒಂದು ಕ್ರಿಯೆ ಬೇಕಿತ್ತು, ನಿಲ್ಲಿಸಲು ಏನೂ ಬೇಕಿರಲಿಲ್ಲ; ಕಥೆ ತಾನಾಗಿ ಮುಗಿಯುತ್ತಿತ್ತು. ಈಗ ನೋಡಲು ಏನೂ ಬೇಕಿಲ್ಲ, ನಿಲ್ಲಿಸಲು ಕ್ರಿಯೆ ಬೇಕು. ಸುಮ್ಮನಿರುವುದನ್ನೇ ಯಂತ್ರವು ಒಪ್ಪಿಗೆಯೆಂದು ಬಗೆಯುತ್ತದೆ. ಹಲವು ಕಂತುಗಳಾದ ಮೇಲೆ 'ಇನ್ನೂ ನೋಡುತ್ತಿದ್ದೀರಾ' ಎಂದು ಅದು ಕೇಳುವುದುಂಟು. ಕುಳಿತವನು ಎಚ್ಚರವಾಗಿದ್ದಾನೆಯೇ ಎಂಬುದಷ್ಟೇ ಅದಕ್ಕೆ ಬೇಕಾದ ಉತ್ತರ. ಸಾಕಾಯಿತೇ ಎಂದು ಅದು ಕೇಳುವುದಿಲ್ಲ.

ಇದರಿಂದ ಕಲೆಗೆ ಆಗುವ ಹಾನಿಯೂ ಅಲ್ಪವಲ್ಲ. 'ರಾಮಾಯಣ' ಧಾರಾವಾಹಿ 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರಗಳಂದು ಒಂದೂವರೆ ವರ್ಷ ನಡೆಯಿತು. 2020ರ ಲಾಕ್‌ಡೌನಿನಲ್ಲಿ ಅದೇ ಕೃತಿಯನ್ನು ಬೆಳಗ್ಗೆ ಒಂದು, ರಾತ್ರಿ ಒಂದು ಕಂತಿನಂತೆ ಮರುಪ್ರಸಾರ ಮಾಡಿದಾಗ ಮೂರು ವಾರಗಳಲ್ಲಿ ಮುಗಿಯಿತು. ಕೃತಿಯ ಒಂದು ಅಕ್ಷರವೂ ಬದಲಾಗಿರಲಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಕಾಲ ಬದಲಾಗಿತ್ತು. ಮೊದಲ ಪ್ರಸಾರದಲ್ಲಿ ವನವಾಸದ ದುಃಖವನ್ನು ಪ್ರೇಕ್ಷಕ ವಾರಗಟ್ಟಲೆ ಹೊತ್ತು ತಿರುಗಿದ; ಎರಡನೆಯದರಲ್ಲಿ ಅದು ಸಂಜೆಯ ಹೊತ್ತಿಗೆ ದಾಟಿಹೋಯಿತು. ಆದರೂ ಆ ಮರುಪ್ರಸಾರದಲ್ಲಿ ದಿನಕ್ಕೆ ಎರಡು ಬಾರಿಯಾದರೂ ಮುಕ್ತಾಯವಿತ್ತು. ತಾನಾಗಿ ಓಡುವ ಪರದೆಯಲ್ಲಿ ಅದೂ ಇಲ್ಲ. ಕಥೆಯ ಕೊನೆಯ ದೃಶ್ಯ ಮನಸ್ಸಿಗೆ ಇಳಿಯುವ ಮೊದಲೇ ಮುಂದಿನದರ ಚಿತ್ರ ಮೂಡುತ್ತದೆ. ಆ ಕೃತಿಗಾಗಿ ದುಡಿದವರ ಹೆಸರುಗಳು ಮೂಲೆಗೆ ಸರಿದು ಕುಗ್ಗುತ್ತವೆ. ಬಡಿಸಿದವರನ್ನು ನೆನೆಯದೆ ಪಂಕ್ತಿಯಿಂದ ಪಂಕ್ತಿಗೆ ಓಡುವ ಊಟದಂತೆ ಇದು.

ಈ ವಾದಕ್ಕೆ ಪ್ರತಿವಾದವಿಲ್ಲದಿಲ್ಲ. ಮಕ್ಕಳು ದೂರದೇಶದಲ್ಲಿರುವ, ಕಾಲಿನ ಶಕ್ತಿ ಕುಂದಿದ ವೃದ್ಧೆಗೆ ತಾನಾಗಿ ಮುಂದುವರಿಯುವ ಸಂಗೀತವೋ ಪ್ರವಚನವೋ ಒಂದು ಸಂಗಾತ. ಪ್ರತಿ ಬಾರಿಯೂ ಸಣ್ಣ ಅಕ್ಷರಗಳನ್ನು ಹುಡುಕಿ ಒತ್ತುವುದು ಅವಳಿಗೆ ಕಷ್ಟ. ಹಿಂದೆ ಊರಿಗೊಮ್ಮೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತಿದ್ದ ಒಳ್ಳೆಯ ಕೃತಿಗಳು ಇಂದು ಬೇಕೆಂದಾಗ ದೊರೆಯುತ್ತವೆ. 'ಮಾಲ್ಗುಡಿ ಡೇಸ್' ಅನ್ನು ಇಂದಿನ ಮಗು ನೋಡಬಲ್ಲುದಾದರೆ ಅದಕ್ಕೆ ಇದೇ ತಂತ್ರಜ್ಞಾನ ಕಾರಣ. ಆದ್ದರಿಂದ ಯಂತ್ರವನ್ನು ಹೊರಗಟ್ಟಬೇಕೆಂಬ ತೀರ್ಪು ಅನ್ಯಾಯದ್ದು, ಅಸಾಧ್ಯವಾದುದೂ ಹೌದು. ಸಂಗಾತಕ್ಕಾಗಿ ತಿಳಿದು ಆರಿಸಿಕೊಂಡ ನಿರಂತರತೆ ಬೇರೆ. ಆರಿಸದೆಯೇ ಒಳಗೆ ಎಳೆದುಕೊಂಡು ಹೋಗುವ ನಿರಂತರತೆ ಬೇರೆ. ಈ ಭೇದವನ್ನು ಗುರುತಿಸುವುದೇ ವಿವೇಕ.

ಹಾಗೆ ಗುರುತಿಸಿದ ಮನೆಗೆ ಮಾಡಲು ಕೆಲಸವಿದೆ. ತಾನಾಗಿ ಮುಂದುವರಿಯುವ ಏರ್ಪಾಡನ್ನು ಆರಿಸಿಬಿಡುವ ಗುಂಡಿ ಈ ಸೇವೆಗಳಲ್ಲಿಯೇ ಇದೆ. ನೆಟ್‌ಫ್ಲಿಕ್ಸಿನಲ್ಲಿಯೂ ಯೂಟ್ಯೂಬಿನಲ್ಲಿಯೂ ಅದನ್ನು ಕ್ಷಣಮಾತ್ರದಲ್ಲಿ ನಿಲ್ಲಿಸಬಹುದು. ಅದನ್ನು ಮೊದಲು ಒತ್ತಬೇಕಾದವರು ಹಿರಿಯರು. ಮಗುವಿನ ಕೈಯಿಂದ ಮೊಬೈಲನ್ನು ಕಸಿದುಕೊಂಡು ತಾವೇ ಅದರಲ್ಲಿ ತೊಡಗುವ ತಂದೆತಾಯಿಯರ ಉಪದೇಶ ಮಗುವಿನ ಕಿವಿಯನ್ನು ಮುಟ್ಟೀತು, ಮನಸ್ಸನ್ನು ಮುಟ್ಟಲಾರದು. ಕಸಿದುಕೊಂಡದ್ದು ಮತ್ತೊಂದು ಹೊರಗಿನ ಮಿತಿಯಷ್ಟೆ; ಒಂದೇ ವಾಹಿನಿಯ ಕಾಲದ ಮಿತಿಯಂತೆ ಅದೂ ಒಂದು ದಿನ ಕಳಚುತ್ತದೆ. ಒಂದು ಕಥೆಯನ್ನು ಒಟ್ಟಿಗೆ ಕುಳಿತು ನೋಡಿ, ಪರದೆಯನ್ನು ಆರಿಸಿ, ಸ್ವಾಮಿ ಮಾಡಿದ್ದು ಸರಿಯೇ, ರಾಜಂ ಅವನನ್ನು ಕ್ಷಮಿಸಿರಬಹುದೇ ಎಂದು ಮಗುವನ್ನು ಕೇಳುವ ಮನೆಯಲ್ಲಿ ಮಿತಿಯು ಒಳಗಿನಿಂದ ಬೆಳೆಯುತ್ತದೆ. ಕ್ಷಮೆ ಕೇಳುವುದು, ಕ್ಷಮಿಸುವುದು ಎಂದರೇನೆಂದು ಆ ಮಗು ಯೋಚಿಸತೊಡಗುವುದು ಪರದೆ ಕತ್ತಲಾದ ಮೇಲೆ. ಮನೆಯವರು ಕಾಪಾಡಿಕೊಳ್ಳಬೇಕಾದದ್ದು ಆ ಕೆಲವು ನಿಮಿಷಗಳನ್ನು.