ಅಳತೆಯ ಗೆರೆ, ಊಹೆಯ ಬಣ್ಣ

ಪ್ರಾಚೀನ ನಗರಗಳ ಚಿತ್ರಗಳನ್ನು ನಾವು ಇತಿಹಾಸದ ಪುಸ್ತಕಗಳಲ್ಲಿ ನೋಡುತ್ತೇವೆ, ವಿದ್ಯಾರ್ಥಿಗಳಿಗೂ ತೋರಿಸುತ್ತೇವೆ. ಆದರೆ ಅವುಗಳಲ್ಲಿ ನೆಲದಿಂದ ದೊರೆತುದೆಷ್ಟು, ಬರೆದವನ ಊಹೆಯೆಷ್ಟು ಎಂದು ಕೇಳುವುದು ವಿರಳ. ಈ ಪ್ರಶ್ನೆಯನ್ನು ವಿಚಾರಿಸಲು ಜರ್ಮನಿಯ ಪುರಾತತ್ತ್ವಜ್ಞ ಹಾಗೂ ಚಿತ್ರಕಾರ ವಾಲ್ಟರ್ ಆಂದ್ರೇ (1875–1956) ಅವರ ಕೃತಿಗಳು ತಕ್ಕ ಆಧಾರಗಳಾಗಿವೆ.

ಡ್ರೆಸ್ಡೆನ್ನಿನಲ್ಲಿ ವಾಸ್ತುಶಿಲ್ಪವನ್ನು ಕಲಿತ ಆಂದ್ರೇ, ರಾಬರ್ಟ್ ಕೋಲ್ಡವೇ ಅವರ ಸಹಾಯಕರಾಗಿ ಬಾಬಿಲೋನಿಗೆ ಹೋದರು. ಮಣ್ಣಿನಲ್ಲಿ ಹುದುಗಿದ ಹಸಿ ಇಟ್ಟಿಗೆಯ ಗೋಡೆಯನ್ನು ಸುತ್ತಣ ಮಣ್ಣಿನಿಂದ ಬೇರೆಯಾಗಿ ಗುರುತಿಸುವ ವಿದ್ಯೆ ಅವರಿಗೆ ಅಲ್ಲಿ ಕೈವಶವಾಯಿತು. 1903ರಿಂದ 1914ರವರೆಗೆ ಟೈಗ್ರಿಸ್ ನದೀತೀರದ ಅಶ್ಶೂರ್ ನಗರದ ಉತ್ಖನನವನ್ನು ಅವರೇ ನಡೆಸಿದರು. 100 ಮೀಟರುಗಳಿಗೊಂದರಂತೆ ಶೋಧನೆಯ ಕಂದಕಗಳನ್ನು ತೋಡಿಸಿದರು. ಇಷ್ಟಾರ್ ದೇವಿಯ ಗುಡಿಯಿದ್ದೆಡೆ ಒಂದರ ಕೆಳಗೊಂದಾಗಿ ಹೂತಿದ್ದ ಕಟ್ಟಡಗಳನ್ನು ಪದರಪದರವಾಗಿ ಬಿಡಿಸುತ್ತ ಕ್ರಿ.ಪೂ. 3ನೆಯ ಸಹಸ್ರಮಾನದವರೆಗೆ ಇಳಿದರು.

ಆ ಪುರಾತನ ಗುಡಿಗಳನ್ನು ಕುರಿತು 1922ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಗರ್ಭಗೃಹದ ಪ್ರಸಿದ್ಧ ಚಿತ್ರವೊಂದಿದೆ. ಗೋಡೆಯಂಚಿನ ಜಗಲಿಗಳ ಮೇಲೆ ಭಕ್ತರ ಪ್ರತಿಮೆಗಳು ಸಾಲುಗೊಂಡಿವೆ. ಪೂಜಾ ಪರಿಕರಗಳು ಅಣಿಯಾಗಿವೆ. ಪ್ರತಿಮೆಗಳು ದೊರೆತುದಾದರೋ ಪಾಳುಗುಡಿಯ ಅವಶೇಷಗಳ ನಡುವೆ, ಒಡೆದು ಚೆದುರಿದ ಸ್ಥಿತಿಯಲ್ಲಿ. ಅವನ್ನು ಜಗಲಿಗೇರಿಸಿದುದು ಆಂದ್ರೇ ಅವರ ತರ್ಕ. ಆದರೂ ಅದೇ ಗ್ರಂಥದಲ್ಲಿ ಅಳತೆಯ ನಕ್ಷೆಗಳಿವೆ. ಓದುಗನು ಚಿತ್ರವನ್ನು ನಕ್ಷೆಗೆ ಹೋಲಿಸಿ ಒಪ್ಪಬಹುದು, ಬಿಡಬಹುದು. ಊಹೆಯನ್ನು ಪರೀಕ್ಷೆಗೆ ಒಡ್ಡುವ ಈ ಕ್ರಮವೇ ಪಾಂಡಿತ್ಯದ ಲಕ್ಷಣವೆಂದು ನಾವು ತಿಳಿಯುತ್ತೇವೆ.

ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಅವರ ನೇತೃತ್ವದಲ್ಲಿ ಎದ್ದು, 1930ರಲ್ಲಿ ತೆರೆದ ಬಾಬಿಲೋನಿನ ಇಷ್ಟಾರ್ ದ್ವಾರದ ವಿಷಯ ಬೇರೆ. ಒಡೆದ ಚೂರುಗಳನ್ನು ಉಪ್ಪು ಹೋಗುವಂತೆ ತೊಳೆದು ಜೋಡಿಸಿ ವೃಷಭಗಳಿಗೂ ಸರ್ಪನಾಗಗಳಿಗೂ ಮರಳಿ ಆಕಾರ ಕೊಟ್ಟ ತಾಳ್ಮೆ ಅಸಾಧಾರಣವಾದುದು. ಆದರೆ ಸುತ್ತಣ ನೀಲಿ ಇಟ್ಟಿಗೆಗಳಲ್ಲಿ ಬಹುಭಾಗ ಹೊಸದು. ಕಟ್ಟಿದುದು ಮುಂದಿನ ಚಿಕ್ಕ ದ್ವಾರವನ್ನು ಮಾತ್ರ. 20 ಮೀಟರಿಗೂ ಅಗಲವಾಗಿದ್ದ ಮೆರವಣಿಗೆಯ ಬೀದಿ ಅಲ್ಲಿ ಸುಮಾರು 8 ಮೀಟರಿಗೆ ಇಳಿಯಿತು. ಈ ಅಗಲವನ್ನು ನಿರ್ಣಯಿಸಿದುದು ಬಾಬಿಲೋನಿನ ನೆಲವಲ್ಲ, ಬರ್ಲಿನ್ನಿನ ಭವನ. ಕಾಗದದ ಗೆರೆಯನ್ನು ತಿದ್ದಬಹುದು. ಕಟ್ಟಿನಿಂತ ಗೋಡೆ ತನ್ನ ಭವ್ಯತೆಯಿಂದಲೇ ಸಂಶಯವನ್ನು ಅಡಗಿಸುತ್ತದೆ.

ಆದುದರಿಂದ ಆಂದ್ರೇ ಅವರ ಚಿರಸ್ಥಾಯಿಯಾದ ಸಾಧನೆ ಆ ನೀಲಿದ್ವಾರಕ್ಕಿಂತ ಅಶ್ಶೂರಿನ ನಕ್ಷೆಗಳಲ್ಲಿದೆಯೆಂಬುದು ನಮ್ಮ ಅಭಿಮತ. ಅಧ್ಯಾಪಕರು ತರಗತಿಯಲ್ಲಿ ದ್ವಾರದ ಚಿತ್ರವನ್ನು ಅವಶ್ಯವಾಗಿ ತೋರಿಸಲಿ. ಜೊತೆಗೆ, ಇದರಲ್ಲಿ ಕಂಡದ್ದು ಯಾವುದು, ಕಲ್ಪಿಸಿದ್ದು ಯಾವುದು ಎಂದು ಮಕ್ಕಳಿಂದಲೇ ಕೇಳಿಸಲಿ.